ಜಾತ್ರೆಗೆ ಬರುವ ಜನ, ನಮ್ಮ ಊರು, ನಮ್ಮ ದನಕರು



ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕೆ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದ ಭಕ್ತರೂ ಬರುತ್ತಾರೆ. ಬೀದರ ಕೋಟೆ, ಗುರುನಾನಕ ಝೀರಾ ನೋಡಲು ದೂರದ ಪ್ರವಾಸಿಗರು ಬರುತ್ತಾರೆ. ಠಾಣಾ ಕುಶನೂರ, ಔರಾದ ಕಡೆಯ ಹಳ್ಳಿಗಳಲ್ಲಿಯೂ ಜಾತ್ರೆ, ಉರುಸುಗಳಿಗೆ ಪರಊರಿನ ಜನ ಕೂಡುತ್ತಾರೆ. ಬಂದವರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ, ನಿಜ. ಆದರೆ ಅವರು ಬಿಟ್ಟು ಹೋಗುವ ಕಸದಿಂದ ನಮ್ಮ ಹೈನಿಗೆ ನಷ್ಟವಾದರೆ ಆ ಲಾಭಕ್ಕೆ ಅರ್ಥವಿಲ್ಲ.

ಹೈನುಗಾರರು ಎಚ್ಚರ ವಹಿಸಬೇಕಾದ ಸಂಗತಿಗಳು:

1. ಪ್ಲಾಸ್ಟಿಕ್ ಚೀಲ: ಉಪ್ಪು, ಸಿಹಿ ಹತ್ತಿದ ಚೀಲವನ್ನು ದನ ನುಂಗುತ್ತದೆ. ಅದು ಕರಗದೆ ದೊಡ್ಡ ಹೊಟ್ಟೆಯಲ್ಲಿ ಗಂಟು ಕಟ್ಟುತ್ತದೆ. ಮೇವು ಬಿಡುವುದು, ಮೆಲುಕು ಕಡಿಮೆಯಾಗುವುದು, ಮೇಲಿಂದ ಮೇಲೆ ಹೊಟ್ಟೆ ಉಬ್ಬುವುದು ಇದರ ಲಕ್ಷಣಗಳು. ಗಂಟು ದೊಡ್ಡದಾದರೆ ಶಸ್ತ್ರಚಿಕಿತ್ಸೆಯೇ ದಾರಿ.

2. ಉಳಿದ ಅಡುಗೆ: ಅನ್ನ, ಹೋಳಿಗೆಯನ್ನು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ. ಹಾಲು ಇಳಿಯುತ್ತದೆ, ಜಿಡ್ಡಿನ ಅಂಶವೂ ಇಳಿಯಬಹುದು. ಅತಿಯಾದರೆ ರಾಸು ಸಾಯಲೂಬಹುದು. "ಪ್ರಸಾದ, ದನ ತಿನ್ನಲಿ" ಎಂದು ಬುಟ್ಟಿಗಟ್ಟಲೆ ಸುರಿಯಬೇಡಿರಿ.

3. ಕಾಲುಬಾಯಿ ಜ್ವರ: ದನಗಳ ಸಂತೆ ಕೂಡುವಲ್ಲಿ ಈ ರೋಗ ಬೇಗ ಹರಡುತ್ತದೆ. ಲಸಿಕೆಯ ಬಲ ಬರಲು ಎರಡು ಮೂರು ವಾರ ಬೇಕು. ಆದ್ದರಿಂದ ಜಾತ್ರೆಯ ಹಿಂದಿನ ದಿನ ಓಡಾಡದೆ, ಮೊದಲೇ ಹಾಕಿಸಿರಿ. ಸಂತೆಯಲ್ಲಿ ಕೊಂಡ ರಾಸನ್ನು ಕೆಲವು ದಿನ ಬೇರೆ ಕಟ್ಟಿರಿ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ತಾವು ಕೇಳಬಹುದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣವು ಜಾತ್ರೆಗೆ ಬರುವವರ ಮೇಲೆ ಯಾತ್ರಿಕರ ಶುಲ್ಕ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಸಂತೆಗೆ ಮಾರಲು ತಂದ ದನಗಳ ನೋಂದಣಿಗೂ ಶುಲ್ಕ ಪಡೆಯಬಹುದು. ಆದರೆ ಒಂದು ಮಾತು: ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿ ಮಾಡಿದ್ದರೆ ಮಾತ್ರ ಯಾತ್ರಿಕರ ಶುಲ್ಕ. ಅಂದರೆ ಮೊದಲು ಸೌಕರ್ಯ, ನಂತರ ವಸೂಲಿ.

ಈ ಹಣವನ್ನು ಹೇಗೆ ನಡೆಸಬೇಕೆಂಬುದು ಹಾಲಿನ ಸಂಘದ ಸದಸ್ಯರಿಗೆ ಹೊಸ ಪಾಠವಲ್ಲ. ಅಳತೆ ಎದುರಿಗೇ ಆಗುತ್ತದೆ, ಲೆಕ್ಕ ಪುಸ್ತಕದಲ್ಲಿರುತ್ತದೆ, ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು ಕೇಳಬಹುದು. ಜಾತ್ರೆಯ ಲೆಕ್ಕವೂ ಹಾಗೆಯೇ ಗ್ರಾಮಸಭೆಯ ಮುಂದೆ ಬರಲಿ.

ತಾವು ಮಾಡಬಹುದಾದದ್ದು:

- ಜಾತ್ರೆಗೆ ಎರಡು ತಿಂಗಳು ಮುಂಚೆ ಗ್ರಾಮಸಭೆಯಲ್ಲಿ ವಿಷಯ ಎತ್ತಿರಿ.
- ದನ ಕುಡಿಯುವ ತೊಟ್ಟಿಯನ್ನೂ ಜನ ಸ್ನಾನ ಮಾಡುವ ಜಾಗವನ್ನೂ ಬೇರೆ ಮಾಡಿಸಿರಿ.
- ಅಂಗಡಿಗೆ ಜಾಗ ಕೊಡುವಾಗ ಎಲೆ, ಕಾಗದದ ಪೊಟ್ಟಣವನ್ನೇ ಬಳಸಬೇಕೆಂಬ ಷರತ್ತು ಹಾಕಿಸಿರಿ. ಸ್ಥಳೀಯ ಮಹಿಳಾ ಸಂಘಗಳ ಮಜ್ಜಿಗೆ, ಪೇಡಾ ಅಂಗಡಿಗೆ ಮೊದಲ ಜಾಗ ಕೊಡಿಸಿರಿ.
- ಜಾತ್ರೆ ಮುಗಿದ ಮರುದಿನ ಬಯಲು ಸ್ವಚ್ಛವಾಗುವ ತನಕ ದನಗಳನ್ನು ಅಲ್ಲಿ ಮೇಯಲು ಬಿಡಬೇಡಿರಿ.

ಬಂದ ಜನ ಎರಡು ದಿನ ಇದ್ದು ಹೋಗುತ್ತಾರೆ. ಆ ಬಯಲಿನಲ್ಲಿ ವರ್ಷವಿಡೀ ಮೇಯುವುದು ನಮ್ಮ ದನ.