ಗೋಡೆಯೊಳಗಿನ ಕೆಲಸ

ಪ್ರಶ್ನೆ: ಮನೆಗಳಿಗೆ ವೈರಿಂಗ್ ಮಾಡುತ್ತೇನೆ. ಬಿಗಿದ ಪ್ರತಿ ವೈರನ್ನೂ ಎಳೆದು ನೋಡುವ ಅಭ್ಯಾಸ ನನ್ನದು. ನಿಧಾನವಾಯಿತೆಂದು ಮೇಸ್ತ್ರಿ ಗದರುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ಆ ಅಭ್ಯಾಸ ಬಿಡಬೇಡಿ. ಪೈಪು ಕತ್ತರಿಸುವುದು, ವೈರ್ ಎಳೆಯುವುದು, ಸಾಮಾನು ಹೊಂದಿಸಿಟ್ಟುಕೊಳ್ಳುವುದು ಇವುಗಳಲ್ಲಿ ಕೈ ಚುರುಕಾಗಲಿ. ಸ್ಕ್ರೂ ಬಿಗಿಯುವಲ್ಲಿ ಮಾತ್ರ ಅವಸರ ಸಲ್ಲದು. ಸಡಿಲ ಜಾಯಿಂಟ್ ಮೊದಲ ದಿನ ಏನನ್ನೂ ತೋರಿಸುವುದಿಲ್ಲ. ಗೀಸರ್ ಹಾಕಿದಾಗಲೆಲ್ಲ ಅಲ್ಲಿ ಬಿಸಿಯೇರಿ, ವೈರಿನ ಹೊದಿಕೆ ಕರಕಲಾಗಿ, ಎಂದೋ ಒಂದು ರಾತ್ರಿ ಬೆಂಕಿ ಹೊತ್ತಿಕೊಳ್ಳಬಹುದು. ಅಷ್ಟರಲ್ಲಿ ನೀವು ಹತ್ತಾರು ಮನೆ ಮುಗಿಸಿರುತ್ತೀರಿ.

ಹೀಗೆಯೇ ಮೊದಲಿಗೆ ಕಾಣದ ಇನ್ನೊಂದು ತಪ್ಪಿದೆ. ಸ್ವಿಚ್ಚನ್ನು ನ್ಯೂಟ್ರಲ್‌ನಲ್ಲಿ ಹಾಕಿದರೂ ದೀಪ ಆರುತ್ತದೆ. ಆದರೆ ಹೋಲ್ಡರ್‌ನಲ್ಲಿ ಕರೆಂಟ್ ಉಳಿದೇ ಇರುತ್ತದೆ. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದ ತಾಯಿಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಸ್ವಿಚ್ ಫೇಸಿನಲ್ಲೇ ಇರಬೇಕು. ಹಸಿರು ವೈರ್ ಅರ್ಥಿಂಗಿಗೆ ಮಾತ್ರ. ಬೇರೆ ಬಣ್ಣದ್ದು ಸಾಲಲಿಲ್ಲವೆಂದು ಅದನ್ನು ಫೇಸಿಗೆ ಹಾಕಿದರೆ, ಮುಂದೆ ಆ ಬೋರ್ಡ್ ಬಿಚ್ಚುವ ನಿಮ್ಮಂಥ ಕೆಲಸಗಾರನ ಜೀವಕ್ಕೆ ಕುತ್ತು. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದ ಮೇಲೆ ಟೆಸ್ಟ್ ಗುಂಡಿ ಒತ್ತಿ, ಅದು ಟ್ರಿಪ್ ಆಗುವುದನ್ನು ಮನೆಯವರಿಗೇ ತೋರಿಸಿ.

ಮೇಸ್ತ್ರಿಗೆ ಇದನ್ನೆಲ್ಲ ಸಮಾಧಾನದಿಂದ ಹೇಳಿ. ಮತ್ತೆ ಬಂದು ಗೋಡೆ ಒಡೆಯುವ ಖರ್ಚು ಅವರಿಗೂ ಗೊತ್ತು. ಕೇಳದಿದ್ದರೆ ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಿ. ಈ ಕಸುಬು ಮಾತ್ರ ಬಿಡಬೇಡಿ.