ಆ ಕಟ್ಟಡಗಳು ವಾಲಿದ್ದೇಕೆ?

ಮಕ್ಕಳೇ, ಕೆನಡಾದ ಯೂಕಾನ್ ಪ್ರದೇಶದಲ್ಲಿ ಡಾಸನ್ ಎಂಬ ಊರಿದೆ. 1896ರಲ್ಲಿ ಹತ್ತಿರದ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. ಜನ ಮುಗಿಬಿದ್ದರು, ಅವಸರದಲ್ಲಿ ಮರದ ಕಟ್ಟಡಗಳೆದ್ದವು. ಅವುಗಳಲ್ಲಿ ಕೆಲವು ಇಂದು ಒಂದಕ್ಕೊಂದು ಒರಗಿ ನಿಂತಿವೆ!

ಅಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಕರಗಿದರೂ ಅದರಡಿಯ ನೆಲ ಹೆಪ್ಪುಗಟ್ಟಿಯೇ ಇರುತ್ತದೆ. ಮನೆಯೊಳಗೆ ಒಲೆ ಉರಿಸಿದಾಗ ಶಾಖ ನೆಲಕ್ಕಿಳಿಯಿತು. ಮಣ್ಣಿನೊಳಗಿನ ಮಂಜುಗಡ್ಡೆ ಕರಗಿತು, ಮಣ್ಣು ಕೆಸರಾಗಿ ಕುಸಿಯಿತು. ಎಲ್ಲ ಕಡೆ ಸಮನಾಗಿ ಕುಸಿಯದ್ದರಿಂದ ಕಟ್ಟಡ ವಾಲಿತು. ತಮಾಷೆಯೆಂದರೆ, ಗಣಿಗಾರರು ಬೇಕೆಂದೇ ಬೆಂಕಿ ಹಾಕಿ ನೆಲ ಕರಗಿಸಿ ಚಿನ್ನ ಅಗೆಯುತ್ತಿದ್ದರು! ಈಗ ಭೂಮಿ ಬಿಸಿಯಾಗುತ್ತಿರುವುದರಿಂದ ಒಲೆಯಿಲ್ಲದ ಕಡೆಯೂ ಇಂಥ ನೆಲ ಕರಗುತ್ತಿದೆ.

ಮಾಡಿ ನೋಡಿ: ಎರಡು ಮಂಜುಗಡ್ಡೆಗಳ ಮೇಲೆ ಬಿಸಿನೀರಿನ ಸ್ಟೀಲ್ ಲೋಟಗಳನ್ನಿಡಿ. ನೀರನ್ನು ಶಿಕ್ಷಕರೇ ಸುರಿಯಲಿ. ಒಂದರ ಕೆಳಗೆ ಮಾತ್ರ ಮರದ ಹಲಗೆಯಿರಲಿ. ಯಾವ ಲೋಟ ಬೇಗ ವಾಲಿತು?