ಕಾಯಕದ ಫಲವೂ ದೂರದ ಪೇಟೆಯೂ

ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಗೃಹಸ್ಥರು ಕಣದಲ್ಲಿ ಒಣಗಿಸುವ ಅರೇಬಿಕಾ ಕಾಫಿಯ ಬೆಲೆಯು ನ್ಯೂಯಾರ್ಕಿನ ಪೇಟೆಯನ್ನೂ, ದಕ್ಷಿಣ ಕೊಡಗಿನ ರೊಬಸ್ಟಾದ ಬೆಲೆಯು ಲಂಡನ್ನಿನ ಪೇಟೆಯನ್ನೂ ಅನುಸರಿಸಿ ನಡೆಯುತ್ತದೆ. ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ಇಲ್ಲಿ ಮಗಳ ಮದುವೆ ನಿಶ್ಚಯವಾಗುವುದುಂಟು!

ಹಿಂದೆ ಹೀಗಿರಲಿಲ್ಲ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿದ್ದಿತು. ಹಣವು ಕಂತುಕಂತಾಗಿ, ತಡವಾಗಿ ಬರುತ್ತಿದ್ದಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲುಪದ್ಧತಿ ಮುರಿಯಿತು. 1996ರ ವೇಳೆಗೆ ಮಂಡಳಿಯ ಕಡ್ಡಾಯ ಖರೀದಿಯೂ ನಿಂತಿತು. ಬೆಳೆಗಾರನು ಸ್ವತಂತ್ರನಾದನು, ಒಬ್ಬಂಟಿಯೂ ಆದನು. 2000ದ ಬಳಿಕ ಬೆಲೆ ಕುಸಿದು ಸಾಲ ಬೆಳೆಯಿತು. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಎತ್ತರಕ್ಕೇರಿತು.

ಈ ಏರಿಳಿತವು ಮನೆಯೊಳಗನ್ನೂ ಬದಲಿಸಿದೆ. ಲಾಭ ಕಾಣದ ಬತ್ತದ ಗದ್ದೆಗಳು ಪಾಳುಬಿದ್ದಿವೆ. ಅತಿಥಿಯ ಊಟಕ್ಕೂ ದರ ಗೊತ್ತಾಗಿದೆ. ಹೋಂಸ್ಟೇಯನ್ನು ನಾನು ಹಳಿಯಲಾರೆ, ಬೆಲೆಯಿಳಿದ ವರ್ಷಗಳಲ್ಲಿ ಎಷ್ಟೋ ಮಕ್ಕಳ ಓದು ಅದರಿಂದಲೇ ಸಾಗಿದೆ. ಆದರೆ ಅದನ್ನು ದಾಸೋಹವೆಂದು ಕರೆಯುವುದು ಸಲ್ಲದು.

ಬಸವಾದಿ ಶರಣರು ಕಾಯಕಕ್ಕೆ ದಾಸೋಹವನ್ನು ಜೋಡಿಸಿದುದರ ಅರ್ಥವು ಇಲ್ಲಿಯೇ ಪರೀಕ್ಷೆಗೆ ನಿಲ್ಲುತ್ತದೆ. ಲಂಡನ್ನಿನ ಬೆಲೆ ನಮ್ಮ ಕೈಯಲ್ಲಿಲ್ಲ. ತೋಟದ ಕೂಲಿಯು ನಮ್ಮ ಕೈಯಲ್ಲಿದೆ. ಬೆಲೆ ಇಳಿದಾಗ ಕೂಲಿಯವನಿಗೆ ಕಷ್ಟದ ಪಾಲು ಕೇಳುವ ಯಜಮಾನನು, ಏರಿದಾಗ ಸುಖದ ಪಾಲು ಕೊಡುವನೇ? ಇಂದು ಅಸ್ಸಾಮಿನಿಂದ ಬಂದವರೂ ನಮ್ಮ ಲೈನುಮನೆಗಳಲ್ಲಿ ಇದ್ದಾರೆ. ಕೊಯ್ಲಿನ ಕಾಲದಲ್ಲಿ ಅವರ ಮಕ್ಕಳು ಶಾಲೆಯ ಬಾಗಿಲು ಕಾಣದೆ ಗಿಡಗಳ ನಡುವೆ ಹೊತ್ತು ಕಳೆಯುವುದನ್ನು ತಾವೂ ನೋಡಿರಬಹುದು.